ಬೀರುವಿನ ಕೀ ಯಾರ ಹತ್ತಿರ ಇದೆ?

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಟಿವಿ, ಕಂಪ್ಯೂಟರ್, ಟ್ಯಾಬ್ ಕೊಡಿಸುವ ದಾನಿಗಳಿಗೆ, ಹಳೇ ವಿದ್ಯಾರ್ಥಿಗಳಿಗೆ, ಮತ್ತು ಕೊಟ್ಟಿದ್ದೆಲ್ಲ ಭದ್ರವಾಗಿದೆಯಾ ಎಂದು ಸ್ಟಾಕ್ ಪುಸ್ತಕ ನೋಡಲು ಬರುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಆರರಿಂದ ಎಂಟನೇ ತರಗತಿಯವರೆಗೆ ಗಣಿತ, ವಿಜ್ಞಾನ ಹೇಳಿಕೊಡುವ ಟೀಚರ್. 2022ರಲ್ಲಿ ಪರೀಕ್ಷೆ ಬರೆದು, ಆಮೇಲೆ ಪಟ್ಟಿ, ಕೋರ್ಟು, ಮತ್ತೆ ಪಟ್ಟಿ ಅಂತ ಕಾದು ಕಾದು, 2023ರ ಕೊನೆಗೆ ಆದೇಶ ಕೈಗೆ ಸಿಕ್ಕವರಲ್ಲಿ ಒಬ್ಬಳು. ಮಕ್ಕಳು ನನ್ನನ್ನು ‘ಮಿಸ್’ ಅನ್ನುತ್ತಾರೆ. ಅವರ ಅಜ್ಜಿಯರು ‘ಹೊಸ ಟೀಚರಮ್ಮ’ ಅನ್ನುತ್ತಾರೆ. ಇನ್ನೂ ಹೊಸಬಳೇ. ಅದಕ್ಕೇ ಈ ಪತ್ರ ಬರೆಯುವ ಧೈರ್ಯ ಬಂದಿದೆ. ಇನ್ನು ಹತ್ತು ವರ್ಷ ಕಳೆದರೆ ನನಗೂ ಅಭ್ಯಾಸವಾಗಿಬಿಡುತ್ತದೆ ಅನ್ನುವ ಭಯ ಇದೆ.

ವಿಷಯ ಶುರುವಾಗಿದ್ದು ಒಂದು ಸೋಮವಾರ. ಹಿಂದಿನ ದಿನ, ಅಂದರೆ 2024ರ ಜೂನ್ 23ರ ಭಾನುವಾರ ಬೆಳಿಗ್ಗೆ, ನಮ್ಮ ತಾಲ್ಲೂಕಿನ ಏರೋನಾಟಿಕಲ್ ಟೆಸ್ಟ್ ರೇಂಜಿನಲ್ಲಿ ಇಸ್ರೋದವರು ‘ಪುಷ್ಪಕ್’ ಅನ್ನುವ ರೆಕ್ಕೆ ಇರುವ ಬಾಹ್ಯಾಕಾಶ ವಾಹನದ ಮಾದರಿಯನ್ನು ಮೂರನೇ ಸಲ ಇಳಿಸಿದ್ದರು. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಯಾರೂ ಇಲ್ಲ. ತಾನೇ ದಾರಿ ಸರಿ ಮಾಡಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಬಂದು ರನ್‌ವೇ ಮೇಲೆ ಇಳಿಯಿತು. ಆ ವಿಡಿಯೋವನ್ನು ಫೋನಿನಲ್ಲಿ ನಾಲ್ಕು ಸಲ ನೋಡಿದೆ. ನಮ್ಮ ಕೆಲವು ಮಕ್ಕಳ ಮನೆಯವರು ಒಂದು ಕಾಲದಲ್ಲಿ ಕುರಿ ಮೇಯಿಸುತ್ತಿದ್ದ ಕಾವಲು ಅದು. ಮಕ್ಕಳಿಗೆ ತೋರಿಸದೇ ಇರೋಕೆ ಆಗುತ್ತಾ?

ನಮ್ಮ ಶಾಲೆಯಲ್ಲಿ ಸ್ಮಾರ್ಟ್ ಟಿವಿ ಇದೆ. ಗೋಡೆಗೆ ಹಾಕಿದ್ದಾರೆ. ಅದಕ್ಕೆ ಅಳತೆ ತೆಗೆದು ಹೊಲಿಸಿದ ಹೂವಿನ ಬಟ್ಟೆಯ ಗವಸು. ಗವಸು ತೆಗೆದರೆ ಒಳಗೆ ಪರದೆಯ ಮೇಲೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ರಿಮೋಟ್ ಬೀರುವಿನಲ್ಲಿ. ಬೀರುವಿನ ಕೀ ಹೆಡ್ ಮೇಷ್ಟ್ರ ಹತ್ತಿರ. ಹೆಡ್ ಮೇಷ್ಟ್ರು ಅವತ್ತು ಮೀಟಿಂಗಿಗೆ ಚಳ್ಳಕೆರೆಗೆ ಹೋಗಿದ್ದರು.

ಹಾಗಾಗಿ ಪುಷ್ಪಕ್ ತಾನೇ ತಾನಾಗಿ ಇಳಿದ ಮರುದಿನ, ಅದೇ ತಾಲ್ಲೂಕಿನಲ್ಲಿ, ನಾನು ಮೂವತ್ತೊಂದು ಮಕ್ಕಳನ್ನು ಒಬ್ಬೊಬ್ಬರಂತೆ ಸಾಲಾಗಿ ನಿಲ್ಲಿಸಿ ಆರಿಂಚಿನ ಫೋನಿನಲ್ಲಿ ವಿಡಿಯೋ ತೋರಿಸಿದೆ. ಪಿರಿಯಡ್ ಮುಗಿಯಿತು. ಹಿಂದಿನ ಸಾಲಿನವರು ನೋಡಲಿಲ್ಲ.

ಮರುದಿನ ಹೆಡ್ ಮೇಷ್ಟ್ರು ಬಂದರು. ಕೇಳಿದೆ. ಅವರು ಬೈಯಲಿಲ್ಲ. ಒಳ್ಳೆಯವರು, ಭಿನ್ನರಾಶಿಯನ್ನು ರೊಟ್ಟಿ ಮುರಿದು ಹೇಳಿಕೊಡುವಂಥವರು. “ನೋಡಮ್ಮಾ, ನನಗೆ ಇನ್ನು ಹದಿನಾಲ್ಕು ತಿಂಗಳು ಸರ್ವೀಸ್ ಇದೆ. ಸ್ಟಾಕಲ್ಲಿ ಒಂದು ರಿಮೋಟ್ ಕಮ್ಮಿ ಬಂದ್ರೂ ನನ್ನ ಪಿಂಚಣಿ ಪೇಪರ್ ನಿಂತ್ಕೊಳ್ಳುತ್ತೆ. ನೀನು ಚಿಕ್ಕವಳು, ಗೊತ್ತಾಗಲ್ಲ” ಅಂದರು. ಅವರ ಗೆಳೆಯರೊಬ್ಬರಿಗೆ, ಬೇರೆ ಕಡೆ, ನಿವೃತ್ತಿಯ ಹೊತ್ತಿಗೆ ಕಳವಾದ ಒಂದು ವಸ್ತುವಿನ ದುಡ್ಡನ್ನು ಕೈಯಿಂದ ಕಟ್ಟಬೇಕಾಗಿ ಬಂದಿತ್ತಂತೆ. ಅದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಆದರೆ ಆ ಕಥೆ ಪ್ರತಿಯೊಂದು ಸ್ಟಾಫ್ ರೂಮಿನಲ್ಲೂ ಇದೆ. ಪ್ರತಿಯೊಂದು ಬೀರುವಿಗೂ ಆ ಕಥೆಯೇ ಬೀಗ.

ಆಮೇಲೆ ಬೀರು ತೆಗೆಸಿದೆವು. ಅದರೊಳಗೆ ಏನಿತ್ತು ಅನ್ನುವುದನ್ನು ನೀವು ಕೇಳಬೇಕು.

ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನಿಮಗೆ ಗೊತ್ತು. ಅಶೋಕನ ಶಾಸನ ಇರುವ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಪದರ ಪದರವಾಗಿ ಕಾಲ ಸಿಕ್ಕಿತು. ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ದೊಡ್ಡ ಕಲ್ಲಿನ ಗೋರಿ ಕಟ್ಟಿದವರು, ಅವರ ಮೇಲೆ ಇನ್ನೊಬ್ಬರು. ನಮ್ಮ ಬೀರು ಥೇಟ್ ಹಾಗೇ. ತಳದಲ್ಲಿ ಒಂದು ಗ್ಲೋಬು ಮತ್ತು ವಿಜ್ಞಾನದ ಕಿಟ್ಟು. ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಕಾಲದ್ದು ಅಂತ ಹೆಡ್ ಮೇಷ್ಟ್ರು ಹೇಳಿದರು. ಆ ಯೋಜನೆ ಶುರುವಾಗಿದ್ದು 1987ರಲ್ಲಿ, ನಾನು ಹುಟ್ಟುವುದಕ್ಕಿಂತ ಮುಂಚೆ. ಗ್ಲೋಬಿನಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಯಾಗಿ ಕೂತಿದೆ. ಅದರ ಮೇಲಿನ ಅರೆಯಲ್ಲಿ ಒಂದು ರೇಡಿಯೋ, ಆಕಾಶವಾಣಿಯ ‘ಕೇಳಿ ಕಲಿ’ ಪಾಠ ಕೇಳಿಸಲು ಕೊಟ್ಟಿದ್ದು. ಸೆಲ್ಲು ಒಳಗೇ ಒಸರಿ ಹಸಿರು ಕಟ್ಟಿದೆ. ಅದರ ಮೇಲೆ ಒಂದು ಸಿಪಿಯು. ತೆಗೆದರೆ ಒಳಗೆ ಇಲಿ ಸಂಸಾರ ಮಾಡಿ ಹೋದ ಗುರುತು, ಬಿಸಿಯೂಟದ ಅಕ್ಕಿಕಾಳಿನ ಸಮೇತ. ಎಲ್ಲಕ್ಕಿಂತ ಮೇಲೆ, ಯಾರೋ ಪುಣ್ಯಾತ್ಮರು ಕೊಟ್ಟ ಎರಡು ಟ್ಯಾಬ್, ಡಬ್ಬಿಯ ಸೀಲು ಒಡೆಯದೆ.

ಒಂದೂ ಕಳುವಾಗಿಲ್ಲ. ಸ್ಟಾಕ್ ಪುಸ್ತಕದ ಲೆಕ್ಕ ಪಕ್ಕಾ ತಾಳೆ ಆಗುತ್ತದೆ. ಯಾವ ತಪಾಸಣೆಯಲ್ಲೂ ನಮ್ಮ ಶಾಲೆಗೆ ತೊಂದರೆ ಆಗಿಲ್ಲ.

ಯುಪಿಎಸ್ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನು ವಿಜ್ಞಾನದ ಟೀಚರ್, ಬಿಡೋಕಾಗಲ್ಲ. ಟಿವಿಯ ಜೊತೆ ಒಂದು ಯುಪಿಎಸ್, ಒಂದು ಬ್ಯಾಟರಿ ಬಂದಿತ್ತು. ಕರೆಂಟು ಹೋದಾಗ ಪಾಠ ನಿಲ್ಲಬಾರದು ಅಂತ. ‘ಸುಮ್ನೆ ಯಾಕೆ ಹಾಳಾಗಬೇಕು’ ಎಂದು ಅದನ್ನು ಬಿಚ್ಚಿ ಒಳಗಿಟ್ಟರು. ಸೀಸ-ಆಮ್ಲದ ಬ್ಯಾಟರಿ ಸುಮ್ಮನೆ ಇಟ್ಟರೂ ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತಾ ಹೋಗುತ್ತದೆ. ಖಾಲಿಯಾಗಿ ಬಹಳ ದಿನ ನಿಂತರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಟ್ಯಾಬ್‌ನ ಬ್ಯಾಟರಿಯ ರಸಾಯನ ಬೇರೆ, ಹಣೆಬರಹ ಅದೇ. ವರ್ಷಗಟ್ಟಲೆ ಸೊನ್ನೆಯಲ್ಲಿ ಬಿದ್ದಿದ್ದರೆ ಮತ್ತೆ ಏಳುವುದು ಕಷ್ಟ. ನಮ್ಮ ಎರಡು ಟ್ಯಾಬಲ್ಲಿ ಒಂದು ಎದ್ದಿತು, ಇನ್ನೊಂದು ಏಳಲಿಲ್ಲ. ಅಂದರೆ ಬ್ಯಾಟರಿಯನ್ನು ಮಕ್ಕಳು ಹಾಳು ಮಾಡಲಿಲ್ಲ. ಕಾಪಾಡಿಯೇ ಕೊಂದೆವು.

ಇಲ್ಲಿ ಒಂದು ಮಾತು. ತಂತ್ರಜ್ಞಾನ ಬಂದರೆ ಸಾಕು, ಹಳ್ಳಿ ಶಾಲೆ ಉದ್ಧಾರ ಆಗುತ್ತದೆ ಅನ್ನುವ ಪೈಕಿ ನಾನಲ್ಲ. ನನ್ನ ಮೊದಲ ‘ಸ್ಮಾರ್ಟ್ ಕ್ಲಾಸ್’ ಎಷ್ಟು ಕೆಟ್ಟದಾಗಿತ್ತು ಅಂದರೆ, ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ. ಬಿ.ಎಡ್.ನಲ್ಲಿ ಕಲಿತ ಹಾಗೆ ಇಪ್ಪತ್ತೆರಡು ಸ್ಲೈಡ್ ಮಾಡಿಕೊಂಡು ಹೋದೆ. ಅಕ್ಷರ ಬಲದಿಂದ ಹಾರಿ ಬರುತ್ತಿತ್ತು, ಎಡದಿಂದ ತಿರುಗಿ ಬರುತ್ತಿತ್ತು. ಮಕ್ಕಳು ಗಪ್‌ಚಿಪ್. ಆಹಾ, ಎಷ್ಟು ಗಮನ ಕೊಡುತ್ತಿದ್ದಾರೆ ಅಂದುಕೊಂಡೆ. ಹತ್ತನೇ ಸ್ಲೈಡಿಗೆ ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. “ಮಿಸ್, ಇದನ್ನ ಬರ್ಕೋಬೇಕಾ?” ನೋಡಿದರೆ ಅರ್ಧ ತರಗತಿ ಸ್ಕೆಚ್ ಪೆನ್ನಿನಲ್ಲಿ ತಲೆಬರಹದ ಬಣ್ಣ ತೀಡುತ್ತಾ ಕೂತಿದೆ. ಹದಿಮೂರನೇ ಸ್ಲೈಡಿಗೆ ಕರೆಂಟು ಹೋಯಿತು. ಕಿಟಕಿಯಾಚೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ನಾವು ಮಾಡುವ ಕರೆಂಟು ಎಲ್ಲಿಗೋ ಹೋಗುತ್ತದೆ, ನಮ್ಮ ಕ್ಲಾಸಿಗೆ ಬರುವುದಿಲ್ಲ. ಇರಲಿ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಚಿತ್ರ ಬರೆದೆ. ಆವಾಗಲೇ ಮಕ್ಕಳು ಪ್ರಶ್ನೆ ಕೇಳಲು ಶುರು ಮಾಡಿದ್ದು.

ಊರಿನವರಿಗೂ ಅವರದೇ ಅನುಮಾನ ಇದೆ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, “ಮನೇಲೂ ಮೊಬೈಲು, ಇಲ್ಲೂ ಮೊಬೈಲೇನಮ್ಮ?” ಅಂದರು. ಕೊರೊನಾ ವರ್ಷದಲ್ಲಿ ಪಾಠದ ಹೆಸರಲ್ಲಿ ಮಕ್ಕಳ ಕೈಗೆ ಹೋದ ಫೋನು ಇನ್ನೂ ವಾಪಸ್ ಬಂದಿಲ್ಲ ಅನ್ನುವುದು ಅವರ ಗೋಳು. ಅವರದು ಸರಿಯಾದ ಮಾತೇ. ಮಕ್ಕಳ ಕೈಗೆ ಫೋನು ಕೊಡಲ್ಲ, ನನ್ನ ಫೋನು ನನ್ನ ಕೈಯಲ್ಲೇ ಇರುತ್ತದೆ ಅಂತ ಹೇಳಿದ ಮೇಲೆ ಕೂತರು.

ಹಾಗೆ ಮಾತು ಕೊಟ್ಟಿದ್ದು ಒಳ್ಳೆಯದೇ ಆಯಿತು. ಒಂದೇ ಫೋನು, ಮೂವತ್ತೊಂದು ಮಕ್ಕಳು. ಇದರಲ್ಲಿ ಏನು ಮಾಡಬಹುದು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ‘ಪ್ಲಿಕರ್ಸ್’ ಅನ್ನುವ ಕಾರ್ಡುಗಳು. ಕಾಗದದ ಮೇಲೆ ಕಪ್ಪು ಬಿಳಿ ಚೌಕದ ಗುರುತು, ನೋಡಲು ಕ್ಯೂಆರ್ ಕೋಡಿನ ತಂಗಿಯ ಥರ. ಒಬ್ಬೊಬ್ಬ ಮಗುವಿಗೆ ಒಂದೊಂದು ಕಾರ್ಡು, ಒಂದೊಂದು ನಂಬರು. ಕಾರ್ಡಿಗೆ ನಾಲ್ಕು ಬದಿ, ನಾಲ್ಕು ಉತ್ತರ. ಎ ಅನ್ನುವವರು ಎ ಬದಿ ಮೇಲೆ ಬರುವ ಹಾಗೆ ಹಿಡಿಯಬೇಕು. ಅಕ್ಷರ ಎಷ್ಟು ಸಣ್ಣಕ್ಕೆ ಅಚ್ಚಾಗಿದೆ ಅಂದರೆ ಪಕ್ಕದವನಿಗೆ ಕಾಣುವುದಿಲ್ಲ. ನಾನು ಫೋನಿನ ಕ್ಯಾಮೆರಾವನ್ನು ತರಗತಿಯ ಈ ಕಡೆಯಿಂದ ಆ ಕಡೆಗೆ ನಿಧಾನ ತಿರುಗಿಸಿದರೆ ಯಾರದು ಸರಿ, ಯಾರದು ತಪ್ಪು ಅಂತ ಪರದೆಯ ಮೇಲೆ ಹೆಸರು ಸಮೇತ ಬರುತ್ತದೆ. ಚಳ್ಳಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಹಳೇ ಮದುವೆ ಲಗ್ನಪತ್ರಿಕೆಗಳ ಹಿಂಬದಿಗೆ ಅಂಟಿಸಿದೆವು. ನೆಟ್ಟು ಬೇಕು. ನಮ್ಮಲ್ಲಿ ಸಿಗ್ನಲ್ ಸಿಗುವುದು ಬೇವಿನ ಮರದ ಕಡೆಯ ಕಿಟಕಿ ಹತ್ತಿರ ಮಾತ್ರ, ಹಾಗಾಗಿ ನಾನು ಅಲ್ಲೇ ನಿಲ್ಲುತ್ತೇನೆ.

ಮೊದಲ ಪ್ರಶ್ನೆ ಸುಲಭದ್ದು ಅಂದುಕೊಂಡೇ ಕೇಳಿದೆ. ಹುಣ್ಣಿಮೆ ಆದ ಮೇಲೆ ಚಂದ್ರ ದಿನಾ ಸವೆಯುತ್ತಾ ಹೋಗುವುದು ಯಾಕೆ? ಪಾಠ ಮಾಡಿ ಒಂದು ವಾರವಾಗಿತ್ತು. ಟೆಸ್ಟಿನಲ್ಲಿ ಎಲ್ಲರೂ ಸರಿ ಬರೆದಿದ್ದರು. ಕಾರ್ಡು ಎತ್ತಿದರು. ಇಪ್ಪತ್ತೆರಡು ಮಕ್ಕಳು ‘ಭೂಮಿಯ ನೆರಳು ಬೀಳುವುದರಿಂದ’ ಅನ್ನುವ ಉತ್ತರ ಹಿಡಿದಿದ್ದರು. ಯಾವಾಗಲೂ ಮೊದಲು ಕೈ ಎತ್ತುವ ನಮ್ಮ ಫಸ್ಟ್ ರ್‍ಯಾಂಕಿನ ಹುಡುಗನೂ ಅದನ್ನೇ. ನೆರಳು ಬೀಳುವುದು ಗ್ರಹಣದಲ್ಲಿ. ಈ ಮಕ್ಕಳು ಟೆಸ್ಟಿಗೆ ಒಂದು ಉತ್ತರ, ತಲೆಯೊಳಗೆ ಇನ್ನೊಂದು ಉತ್ತರ ಇಟ್ಟುಕೊಂಡಿದ್ದರು. ನಾನು ಇಷ್ಟು ದಿನ ಕೇಳುತ್ತಿದ್ದಿದ್ದು “ಅರ್ಥ ಆಯ್ತಾ?” ಅಂತ, ಅವರು ಹೇಳುತ್ತಿದ್ದಿದ್ದು “ಆಯ್ತು ಮಿಸ್” ಅಂತ. ಎಷ್ಟು ಸಲೀಸಾದ ಒಪ್ಪಂದ ನೋಡಿ.

ಫೋನು ಅಲ್ಲಿಗೆ ತನ್ನ ಕೆಲಸ ಮುಗಿಸಿತು. ಮುಂದಿನದಕ್ಕೆ ಅದು ಬೇಕಿರಲಿಲ್ಲ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿ, ನಡುವೆ ಒಂದು ಬಲ್ಬು ಉರಿಸಿ, ಒಬ್ಬೊಬ್ಬರ ಕೈಗೆ ಪೆನ್ಸಿಲಿಗೆ ಚುಚ್ಚಿದ ಮಣ್ಣಿನ ಉಂಡೆ ಕೊಟ್ಟೆ. ನಿಮ್ಮ ತಲೆಯೇ ಭೂಮಿ, ಉಂಡೆ ಚಂದ್ರ, ನಿಂತಲ್ಲೇ ನಿಧಾನ ತಿರುಗಿ. ಉಂಡೆಯ ಮೇಲೆ ಬೆಳಕು ಎಲ್ಲಿದೆ ನೋಡುತ್ತಾ ಇರಿ. ಎರಡು ಸುತ್ತು ಆಗುವಷ್ಟರಲ್ಲಿ ಹಟ್ಟಿಯಿಂದ ಬರುವ ಒಬ್ಬ ಹುಡುಗ ಕೂಗಿದ. ಅವನು ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನು ನಾನು ಕೇಳಿರಲೇ ಇಲ್ಲ. “ಮಿಸ್! ಅಮಾಸೆ ದಿನ ಚಂದ್ರ ಸೂರ್ಯನ ಕಡೀಕೆ ಹೋಗಿರ್ತಾನೆ! ಅದ್ಕೇ ರಾತ್ರಿ ಕಾಣ್ಸಲ್ಲ!”

ಅದಾದ ಮೇಲೆ ಅವರಿಗೆ ಹೇಳಿದೆ: ಚಂದ್ರಯಾನದ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷೆ ಮಾಡಲು ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿದ್ದು ನಮ್ಮ ಉಳ್ಳಾರ್ತಿ ಕಾವಲಿನಲ್ಲೇ. ನಿಜವಾದ ಚಂದ್ರನಿಗೆ ಹೋಗುವ ಮುಂಚೆ ಅವರೂ ಒಂದು ಮಣ್ಣಿನ ಚಂದ್ರನನ್ನು ಮಾಡಿಕೊಂಡರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು. ತಮ್ಮ ಊರಿನ ಮಣ್ಣಿಗೂ ಅದಕ್ಕೂ ಸಂಬಂಧ ಇದೆ ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ.

ಇನ್ನೊಂದು ದಿನದ ವಿಷಯ ಹೇಳಿ ಆಮೇಲೆ ಕೇಳಬೇಕಾದ್ದು ಕೇಳುತ್ತೇನೆ.

ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ದ್ವಿದಳ ಗಿಡಗಳ ಬೇರಿನ ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ನಾನು ತೋರಿಸಿದ ವಿಡಿಯೋದಲ್ಲಿ ಯಾವುದೋ ದೇಶದ ಬಟಾಣಿ ಗಿಡ. ಹೇಳುವವರು ರೈಲು ಹಿಡಿಯಬೇಕೇನೋ ಅನ್ನುವಷ್ಟು ಅವಸರದಲ್ಲಿ ಹೇಳುತ್ತಿದ್ದರು. ನಮ್ಮ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ತೆಲುಗು ಆಡುವವರು. ಸೌಂಡು ಬಂದ್ ಮಾಡಿದೆ. (ಟಿವಿ ರಿಮೋಟಿನಲ್ಲಿ ಮೇಷ್ಟ್ರಿಗೆ ಅತಿ ಉಪಯೋಗದ ಬಟನ್ ಅದು. ಈಗ ವಿಡಿಯೋಗಳಿಗೆ ಮಕ್ಕಳೇ ಮಾತು ಹೇಳುತ್ತಾರೆ. ಪುಷ್ಪಕ್ ಇಳಿಯುವುದಕ್ಕೆ ಏಳನೇ ತರಗತಿಯ ಒಬ್ಬ ಕೊಟ್ಟ ಕಬಡ್ಡಿ ಕಾಮೆಂಟರಿಯನ್ನು ಇಸ್ರೋದವರು ಕೇಳಬೇಕಿತ್ತು.) ಆಗ ಒಬ್ಬಳು, “ಮಿಸ್, ಇಂಥವು ನಮ್ಮ ಶೇಂಗಾ ಬೇರಲ್ಲೂ ಇರ್ತಾವೆ. ನಾವು ಅದನ್ನ ರೋಗ ಅಂದ್ಕೊಂಡಿದ್ವಿ” ಅಂದಳು.

ಶೇಂಗಾ ಹೊಲ ಶಾಲೆಯ ಹಿಂದೆಯೇ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳೆಲ್ಲ ನಿಂತಿರುವುದೇ ಈ ಶೇಂಗಾ ಮೇಲೆ. ಎರಡು ಗಿಡ ಹುಷಾರಾಗಿ ಮಣ್ಣು ಸಮೇತ ಕಿತ್ತು ಬಕೆಟ್ಟಿನ ನೀರಿನಲ್ಲಿ ಅಲುಗಿಸಿ ತೊಳೆದೆವು. ಬೇರಿನ ತುಂಬ ಎಳ್ಳು, ಸಾಸಿವೆ ಗಾತ್ರದ ಗಂಟುಗಳು. ಬರಿಗಣ್ಣಿಗೆ ಅಷ್ಟೇ. ನಮ್ಮಲ್ಲಿ ಮೈಕ್ರೋಸ್ಕೋಪ್ ಇಲ್ಲ. ಆದರೆ ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಯಲ್ಲಿ ಕೊಂಡ ಲೇಸರ್ ಲೈಟು ಒಬ್ಬನ ಬ್ಯಾಗಿನಲ್ಲಿ ಸದಾ ಇರುತ್ತದೆ. ಅದನ್ನು ನಾನು ಕಿತ್ತುಕೊಂಡು ಮೂರು ಸಲ ಬೈದಿದ್ದೆ. ಆ ಲೈಟಿನ ಮೂತಿಯಲ್ಲಿ ಸಾಬೂದಾನಿಯಷ್ಟು ಪುಟ್ಟ ಲೆನ್ಸು ಇರುತ್ತದೆ. ಅದನ್ನು ಬಿಡಿಸಿ, ಹೇರ್‌ಪಿನ್ನಿನ ಸಂದಿಗೆ ಸಿಕ್ಕಿಸಿ, ಫೋನಿನ ಕ್ಯಾಮೆರಾದ ಮೇಲೆ ಟೇಪು ಹಚ್ಚಿದರೆ ಒಂದು ಭೂತಗನ್ನಡಿ ಆಯಿತು. ಫೋನನ್ನು ಎರಡು ಇಟ್ಟಿಗೆ ಸಾಲಿನ ಮೇಲೆ ಸೇತುವೆ ಥರ ಮಲಗಿಸಿ, ಕೆಳಗೆ ಬೇರು ಇಟ್ಟು, ಫೋನಿನ ಪರದೆ ಟಿವಿಯಲ್ಲಿ ಕಾಣುವ ಹಾಗೆ ಮಾಡಿದೆ.

ಗಂಟು ಟಿವಿಯಲ್ಲಿ ಆಲೂಗಡ್ಡೆಯಷ್ಟು ಕಂಡಿತು. ಬ್ಲೇಡಿನಿಂದ ಅರ್ಧ ಸೀಳಿದೆ. ಒಳಗೆ ಕೆಂಪು ಛಾಯೆ. ಎಳೆ ಮಗುವಿನ ವಸಡಿನ ಬಣ್ಣ. ತರಗತಿಯಿಂದ ‘ಅಯ್ಯೋ’ ಅಂತ ಒಂದೇ ದನಿ. “ಮಿಸ್, ರಕ್ತ!” ರಕ್ತ ಅಲ್ಲ, ಆದರೆ ಅದರ ದಾಯಾದಿ. ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವ ಹಾಗೆ ಇಲ್ಲಿ ಲೆಗ್‌ಹಿಮೋಗ್ಲೋಬಿನ್ ಇದೆ. ಗಂಟು ಒಳಗೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಬ್ಬ ಹುಡುಗ ಯೋಚನೆ ಮಾಡಿ ಮಾಡಿ ಹೇಳಿದ: “ಅದ್ಕೇ ನಮ್ಮ ತಾತ ಶೇಂಗಾ ಹಾಕಿದ ಹೊಲದಲ್ಲಿ ಮುಂದಿನ ಸಲ ಜೋಳ ಹಾಕ್ತಾನಾ?” ಆ ದಿನ ಸಂಜೆ ಎಷ್ಟು ಮನೆಗಳಲ್ಲಿ ಶೇಂಗಾ ಗಿಡ ಕಿತ್ತರೋ ಗೊತ್ತಿಲ್ಲ. ಇಬ್ಬರು ತಂದೆಯರು ಬಂದು ದೂರು ಹೇಳಿ ಹೋದರು.

ಈಗ ಯೋಚನೆ ಮಾಡಿ. ಆ ದಿನ ಬಳಕೆ ಆಗಿದ್ದು ಟಿವಿ, ಫೋನು, ಜಾತ್ರೆಯ ಆಟಿಕೆ, ಬ್ಲೇಡು, ಒದ್ದೆ ಮಣ್ಣು. ಟಿವಿಯ ಹತ್ತಿರ ನೀರಿನ ಬಕೆಟ್ಟು. ಪರದೆಯ ಮೇಲೆ ಮಣ್ಣಿನ ಬೆರಳಿನ ಗುರುತು. ಆ ಹೊತ್ತಿಗೆ ನಿಮ್ಮಲ್ಲಿ ಯಾರಾದರೂ ತಪಾಸಣೆಗೆ ಬಂದಿದ್ದರೆ ಮೊದಲು ಏನು ನೋಡುತ್ತಿದ್ದಿರಿ? ಬೆರಳಿನ ಗುರುತನ್ನಾ, ಗಂಟಿನ ಒಳಗಿನ ಕೆಂಪನ್ನಾ?

ನನ್ನ ಬೇಡಿಕೆ ಇಷ್ಟೇ. ವಸ್ತುಗಳು ಸವೆಯಲು ಬಿಡಿ. ಸವೆಯುವುದನ್ನು ತಪ್ಪು ಅಂತ ಬರೆಯಬೇಡಿ. ಐದು ವರ್ಷ ದಿನಾ ಓಡಿ ಕೆಟ್ಟ ಟಿವಿಗೂ, ಐದು ವರ್ಷ ಗವಸಿನಲ್ಲಿದ್ದು ಹಳೆಯದಾದ ಟಿವಿಗೂ ಸ್ಟಾಕ್ ಪುಸ್ತಕದಲ್ಲಿ ಏನೂ ವ್ಯತ್ಯಾಸ ಇಲ್ಲ. ಇಲ್ಲ, ಇದೆ. ಎರಡನೆಯದಕ್ಕೇ ಒಳ್ಳೆಯ ಹೆಸರು. ಅದನ್ನು ತಿರುಗಿಸಿ. ತಪಾಸಣೆಗೆ ಬಂದಾಗ “ಎಲ್ಲಾ ಇದೆಯಾ?” ಅಂತ ಕೇಳುವ ಜೊತೆಗೆ “ಈ ವಾರ ಎಷ್ಟು ಸಲ ಹಾಕಿದ್ರಿ? ಏನು ತೋರಿಸಿದ್ರಿ?” ಅಂತಲೂ ಕೇಳಿ. ಸೀಲು ಒಡೆಯದ ಡಬ್ಬಿ ಕಂಡರೆ ಅದಕ್ಕೆ ಕಾರಣ ಕೇಳಿ. ಒಡೆದ ರಿಮೋಟಿಗೆ ಕಾರಣ ಕೇಳುವಷ್ಟೇ ಗಟ್ಟಿಯಾಗಿ. ಬಳಸಿ ಹಾಳಾದದ್ದನ್ನು ಕಂಡಂ ಮಾಡುವ, ಅಂದರೆ ಲೆಕ್ಕದಿಂದ ತೆಗೆಯುವ ದಾರಿ ಒಬ್ಬ ಸಾಮಾನ್ಯ ಹೆಡ್ ಮೇಷ್ಟ್ರು ಹೆದರದೆ ನಡೆಯುವಷ್ಟು ಸರಳವಾಗಿರಲಿ. ಯಾರ ಪಿಂಚಣಿಗೂ ಒಂದು ರಿಮೋಟಿಗೂ ಸಂಬಂಧ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿಬಿಡಿ. ಇಡೀ ಜಿಲ್ಲೆಯಲ್ಲಿ, ಮೊಳಕಾಲ್ಮೂರಿನಿಂದ ಹೊಸದುರ್ಗದವರೆಗೆ, ಎಷ್ಟು ಬೀರು ತೆರೆಯುತ್ತವೆ ನೋಡಿ.

ದಾನಿಗಳಿಗೆ ಒಂದು ಮಾತು. ನಿಮ್ಮ ಮನಸ್ಸು ದೊಡ್ಡದು. ನಮ್ಮ ಶಾಲೆಯಲ್ಲೇ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ಊರ ಹಬ್ಬಕ್ಕೆ ಬಂದಾಗ “ಏನ್ ಬೇಕು ಹೇಳಿ ಟೀಚರ್” ಅನ್ನುತ್ತಾರೆ. ಇನ್ನೊಂದು ಟಿವಿ ಬೇಡ. ಒಂದು ಉದ್ದದ ಎಚ್‌ಡಿಎಂಐ ಕೇಬಲ್ ಬೇಕು, ಯಾಕಂದರೆ ಇದ್ದದ್ದನ್ನು ಇಲಿ ಕಡಿದಿದೆ. ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬಾಕ್ಸು, ಸರಿಯಾದ ಅರ್ಥಿಂಗ್, ಹೊಸ ಬ್ಯಾಟರಿ, ಅದಕ್ಕೆ ಆಗಾಗ ಹಾಕುವ ಡಿಸ್ಟಿಲ್ಡ್ ವಾಟರ್. ಇವುಗಳ ಮೇಲೆ ನಿಮ್ಮ ಹೆಸರು ಬರೆಸಲು ಜಾಗ ಇರುವುದಿಲ್ಲ ಅನ್ನುವುದು ನನಗೂ ಗೊತ್ತು. ಬೇಕಾದರೆ ಬ್ಯಾಟರಿ ಮೇಲೆ ಬರೆಸೋಣ, ಅದು ದೊಡ್ಡದಿದೆ.

ಮತ್ತೆ, ರಿಪೇರಿ ಮಾಡುವ ಒಬ್ಬರು. ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಒಬ್ಬರು ಸಾಕು, ತಿಂಗಳಿಗೆ ಒಂದು ಸಲ ಬೈಕಿನಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು ಬಂದರೆ ಸಾಕು. ಇದೇನೂ ಹೊಸ ಯೋಚನೆ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಮ್ಮ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬರುತ್ತಿತ್ತು. ‘ಸೈಟ್’ ಅಂತ ಅದರ ಹೆಸರು. ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ಆಗ ಟಿವಿ ಕೊಟ್ಟವರು ಅದು ಕೆಟ್ಟರೆ ಹೋಗಿ ಸರಿ ಮಾಡುವ ಜನರನ್ನೂ ಜೊತೆಗೇ ಇಟ್ಟಿದ್ದರು. ಬಹಳ ಹಳ್ಳಿಗಳು ಟಿವಿಯನ್ನೇ ಕಂಡಿರದ ಕಾಲ ಅದು. ಈಗ ನಮಗೆ ಟಿವಿ ಬರುತ್ತದೆ, ಉದ್ಘಾಟನೆಯ ಫೋಟೋ ಬರುತ್ತದೆ. ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರು ಮಾತ್ರ ಬರುವುದಿಲ್ಲ.

ತರಬೇತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುದಾಪುರದ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಮಾಡಿಸಿ ಕಲಿಸುವ ಕೇಂದ್ರ ಇದೆ, ನಮ್ಮ ಮನೆ ಬಾಗಿಲಲ್ಲೇ ಇದೆ. ಅಂಥದ್ದು ಜಾಸ್ತಿ ಬೇಕು. ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ಮೇಲೆ ಸ್ಲೈಡ್ ತೋರಿಸಿ ‘ಸ್ಲೈಡ್ ತೋರಿಸಬೇಡಿ’ ಅಂತ ಹೇಳುವ ತರಬೇತಿ ಕಮ್ಮಿ ಆದರೂ ನಡೆಯುತ್ತದೆ.

ಸಮಯದ ಬಗ್ಗೆ ಮಾತ್ರ ಹೇಳಲೇಬೇಕು. ನನ್ನ ಫೋನು ಶಾಲೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಪಾಠಕ್ಕಲ್ಲ. ಹಾಲು ಕುಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಎಷ್ಟು, ಯಾರ ಹೆಸರು ಯಾವ ಕಾರ್ಡಿಗೆ ತಾಳೆ ಆಗುತ್ತಿಲ್ಲ, ಯಾವ ಫೋಟೋ ಇನ್ನೂ ಅಪ್‌ಲೋಡ್ ಆಗಿಲ್ಲ. ಅದೂ ಬೇವಿನ ಮರದ ಕಿಟಕಿ ಹತ್ತಿರವೇ. ಮೇಲಿನವರು ಗ್ರೂಪಿನಲ್ಲಿ ‘ಅರ್ಜೆಂಟ್’ ಅಂತ ಹಾಕಿದ ದಿನ ಚಂದ್ರನೂ ಇಲ್ಲ, ಶೇಂಗಾನೂ ಇಲ್ಲ. ಮೊಟ್ಟೆಯ ಲೆಕ್ಕ ಬೇಡ ಅನ್ನುತ್ತಿಲ್ಲ, ಮಕ್ಕಳಿಗೆ ಮೊಟ್ಟೆ ತಲುಪಬೇಕಲ್ವಾ. ಆದರೆ ಪಾಠದ ಪಿರಿಯಡ್ಡಿನಲ್ಲಿ ಬೇಡ.

ನೀವು ಒಂದು ದಿನ ಬನ್ನಿ. ಮುಂಚೆ ಹೇಳಿ ಬರಬೇಡಿ, ಹೇಳಿದರೆ ಟಿವಿಗೆ ಮತ್ತೆ ಗವಸು ಹಾಕಿಬಿಡುತ್ತಾರೆ.

ನಮ್ಮ ಹೆಡ್ ಮೇಷ್ಟ್ರು ಈಗ ಬೀರುವಿನ ಇನ್ನೊಂದು ಕೀ ಮಾಡಿಸಿ ನನಗೆ ಕೊಟ್ಟಿದ್ದಾರೆ. ಶೇಂಗಾ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದರು. ಆ ಕೆಂಪು ಕಂಡಾಗ ಅವರೂ ಎದ್ದು ನಿಂತಿದ್ದರು. ಕಳೆದ ವಾರ ರಿಮೋಟಿನ ಹಿಂದಿನ ಮುಚ್ಚಳ ಎಲ್ಲೋ ಬಿದ್ದುಹೋಯಿತು. ಸೆಲ್ಲು ಬೀಳದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ನಾನು ಹೆದರಿಕೊಂಡೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟಾಕ್ ಪುಸ್ತಕ ತೆಗೆದು, ಷರಾ ಕಾಲಂನಲ್ಲಿ ಬರೆದರು: ‘ಮುಚ್ಚಳ ಇಲ್ಲ. ಬಳಕೆಯಲ್ಲಿದೆ.’

ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ನೀವು ಬಂದಾಗ ಅದನ್ನು ಪೆನ್ನಿನಲ್ಲಿ ತಿದ್ದಲು ಅವರಿಗೆ ಒಂದು ಮಾತು ಹೇಳಿ.

ಇಂತಿ,
ಒಬ್ಬ ವಿಜ್ಞಾನದ ಟೀಚರ್